ಅವಳು ತಿರುಗಿ ನೋಡಲಿಲ್ಲ ಅಂತ ಮೂಲದಲ್ಲಿ ಎಲ್ಲಿದೆ? ‘ಗರೋತಾ ಜಿ ಇಪನೇಮಾ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗೀಸ್ ಕಲಿಯಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಕಾರಣ ಒಂದೇ ಒಂದು ಹಾಡು. ಆಫೀಸಿನಲ್ಲಿ, ನೆಂಟರ ಮನೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಯಾರಾದರೂ ಇದರ ಬಗ್ಗೆ ಕೇಳುತ್ತಾರೆ. ಕೇಳದಿದ್ದರೆ ನಾನೇ ಮಾತು ತೆಗೆಯುತ್ತೇನೆ, ಅದು ಬೇರೆ ವಿಷಯ. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಯಾವ ಹಾಡು ಇದು? ನಾನು ಕೇಳಿದ್ದೀನಾ?

ಕೇಳಿರುತ್ತೀರಿ. ಹೆಸರು ಗೊತ್ತಿರುವುದಿಲ್ಲ, ಅಷ್ಟೇ. ಹೋಟೆಲಿನ ಲಿಫ್ಟಿನಲ್ಲಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾಯುವಾಗ, ಮಾಲಿನ ಬಟ್ಟೆ ಅಂಗಡಿಯಲ್ಲಿ, ಎಲ್ಲೋ ಒಂದು ಕಡೆ ಕಿವಿಗೆ ಬಿದ್ದಿರುತ್ತದೆ. ನಾನು ಮೊದಲು ಕೇಳಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೂಟ್ ಕೆನಾಲ್‌ಗೆ ನನ್ನ ಸರದಿ ಬರಲಿ ಅಂತ ಕಾಯುತ್ತಾ, ಅಂದರೆ ಬರದಿರಲಿ ಅಂತ ಬೇಡಿಕೊಳ್ಳುತ್ತಾ. ಬರೀ ಸ್ಯಾಕ್ಸೋಫೋನು, ಮಾತಿಲ್ಲ. ಹಿತವಾಗಿತ್ತು, ಮೆತ್ತನೆ ಸೋಫಾ ಥರ. ಆ ಹಾಡಿನೊಳಗೆ ಒಬ್ಬ ಮನುಷ್ಯ ನಾನು ಯಾಕೆ ಇಷ್ಟು ಒಂಟಿ ಅಂತ ಕೇಳುತ್ತಾ ಕೂತಿದ್ದಾನೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಇಂಗ್ಲಿಷಿನಲ್ಲಿ ಇದು ‘ದ ಗರ್ಲ್ ಫ್ರಮ್ ಇಪನೀಮಾ’. ಮೂಲ ಬ್ರೆಜಿಲ್ಲಿನ ಪೋರ್ಚುಗೀಸ್, 1962ರದ್ದು. ರಾಗ ಅಂತೋನಿಯೊ ಕಾರ್ಲೊಸ್ ಜೋಬಿಂ ಅವರದು, ಊರೆಲ್ಲ ಕರೆಯುವುದು ಟಾಮ್ ಜೋಬಿಂ ಅಂತ. ಸಾಹಿತ್ಯ ವಿನೀಸಿಯಸ್ ಜಿ ಮೊರಾಯಿಸ್ ಅವರದು. ಇವರು ಕವಿ, ಜೊತೆಗೆ ಬ್ರೆಜಿಲ್ ವಿದೇಶಾಂಗ ಇಲಾಖೆಯ ಅಧಿಕಾರಿ, ಮತ್ತು ಒಂಬತ್ತು ಸಲ ಮದುವೆಯಾದವರು. (ಪ್ರೇಮಗೀತೆ ಬರೆಯಲು ಅನುಭವ ಸಾಲದು ಅಂತ ಯಾರೂ ಹೇಳುವಂತಿಲ್ಲ.) ಇಪನೇಮಾ ಅನ್ನುವುದು ರಿಯೊ ಡಿ ಜನೈರೊ ಊರಿನ ಕಡಲಂಚಿನ ಬಡಾವಣೆ. ಹೆಸರು ಅಲ್ಲಿನ ಮೂಲನಿವಾಸಿಗಳ ಟುಪಿ ಭಾಷೆಯದು, ಸಾಮಾನ್ಯವಾಗಿ ಅದಕ್ಕೆ ಹೇಳುವ ಅರ್ಥ ‘ಕೆಟ್ಟ ನೀರು’. ‘ಗರೋತಾ’ ಅಂದರೆ ಹುಡುಗಿ. ಕೆಟ್ಟ ನೀರಿನ ಹುಡುಗಿ ಅಂತ ಕನ್ನಡ ಮಾಡಬೇಡಿ ದಯವಿಟ್ಟು.

ಎರಡು ಮಾತಿನಲ್ಲಿ ಕಥೆ ಹೇಳಿ.

ಒಬ್ಬ ಕೂತಿದ್ದಾನೆ. ಒಬ್ಬ ಹುಡುಗಿ ಸಮುದ್ರದ ಕಡೆ ನಡೆದು ಹೋಗುತ್ತಾಳೆ. ಮುಗಿಯಿತು.

ಇಂಗ್ಲಿಷಿನಲ್ಲಿ ಕೇಳಿದ್ದೀನಿ. ಅವನಿಗೆ ಅವಳ ಮೇಲೆ ಪ್ರೀತಿ, ಅವಳು ತಿರುಗಿಯೂ ನೋಡಲ್ಲ. ಅದೇ ತಾನೇ?

ಇಲ್ಲ. ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ.

ಇಂಗ್ಲಿಷ್ ಸಾಹಿತ್ಯ ನಾರ್ಮನ್ ಗಿಂಬಲ್ ಅನ್ನುವ ಅಮೆರಿಕನ್ನರದು. ಅವರು ಕೆಟ್ಟ ಕೆಲಸ ಮಾಡಿಲ್ಲ, ಹಾಡಲು ಚೆನ್ನಾಗಿದೆ, ಬಾಯಲ್ಲಿ ನಿಲ್ಲುತ್ತದೆ. ಆದರೆ ಅವರು ಅದನ್ನು ಸಲೀಸಾದ ಒಮ್ಮುಖ ಪ್ರೀತಿಯ ಕಥೆ ಮಾಡಿಬಿಟ್ಟರು. ಅವನು ಬೇಜಾರಿನಲ್ಲಿ ನೋಡುತ್ತಾನೆ, ಪ್ರೀತಿಸುತ್ತೇನೆ ಅಂತ ಹೇಗೆ ಹೇಳಲಿ ಅಂತ ಒದ್ದಾಡುತ್ತಾನೆ, ಅವಳು ನೇರ ಮುಂದೆ ನೋಡಿಕೊಂಡು ಹೋಗುತ್ತಾಳೆ, ಇವನ ಕಡೆ ಕಣ್ಣು ಹಾಯಿಸುವುದಿಲ್ಲ. ನಾವು ಕಾಲೇಜಿನ ಗೇಟಿನ ಹತ್ತಿರ, ಬಸ್‌ಸ್ಟಾಪಿನಲ್ಲಿ ನೂರು ಸಲ ನೋಡಿರುವ ಕಥೆ.

ಪೋರ್ಚುಗೀಸಿನಲ್ಲಿ ಇದ್ಯಾವುದೂ ಇಲ್ಲ. ಅವಳು ನೋಡಿದಳೋ ಬಿಟ್ಟಳೋ, ಒಂದು ಮಾತೂ ಇಲ್ಲ. ನಾನು ಅವಳನ್ನು ಪ್ರೀತಿಸುತ್ತೇನೆ ಅಂತ ಅವನು ಎಲ್ಲೂ ಹೇಳುವುದಿಲ್ಲ. ಹೇಗೆ ಹೇಳಲಿ ಅನ್ನುವ ಒದ್ದಾಟವೂ ಇಲ್ಲ, ಯಾಕೆಂದರೆ ಹೇಳುವ ಯೋಚನೆಯೇ ಅವನಿಗೆ ಬಂದ ಹಾಗಿಲ್ಲ. ‘ಪ್ರೀತಿ’ ಅನ್ನುವ ಪದ ಬರುವುದು ಸಾಹಿತ್ಯದ ಕಟ್ಟಕಡೆಯ ಸಾಲಿನ ಕೊನೆಗೆ, ಅದೂ ‘ನನ್ನ ಪ್ರೀತಿ’ ಅಂತ ಅಲ್ಲ. ಅವಳು ಹಾದು ಹೋದಾಗ ಇಡೀ ಪ್ರಪಂಚ ಇನ್ನಷ್ಟು ಚೆಂದ ಆಗುತ್ತದೆ, ಪ್ರೀತಿಯ ದೆಸೆಯಿಂದ, ಅಷ್ಟೇ. ಯಾರ ಪ್ರೀತಿ, ಯಾರ ಮೇಲೆ, ಹೇಳಿಲ್ಲ. ಇದೆಲ್ಲ ಅವಳಿಗೆ ಗೊತ್ತಿದ್ದಿದ್ದರೆ ಅಂತ ಒಂದು ನಿಟ್ಟುಸಿರು ಇದೆ, ಆದರೆ ಅದು ದೂರು ಅಲ್ಲ.

ಹಾಗಾದರೆ ನೋವು ಎಲ್ಲಿದೆ? ಮಧ್ಯದ ಭಾಗದಲ್ಲಿದೆ. ಅದಕ್ಕೆ ಕೆಳಗೆ ಬೇರೆ ಉತ್ತರವೇ ಬೇಕು.

ಮಧ್ಯದಲ್ಲಿ ಮೂರು ಸಲ ‘ಆಹ್’ ಅಂತಾನಲ್ಲ, ಅಲ್ಲಿ ಏನು ಹೇಳುತ್ತಾನೆ?

ಮೊದಲ ‘ಆಹ್’ನಲ್ಲಿ ನಾನು ಯಾಕೆ ಇಷ್ಟು ಒಂಟಿ ಅಂತ ಕೇಳುತ್ತಾನೆ. ಎರಡನೆಯದರಲ್ಲಿ ಎಲ್ಲವೂ ಯಾಕೆ ಇಷ್ಟು ಬೇಸರ ಅಂತ. ಮೂರನೆಯದರಲ್ಲಿ ತನ್ನ ಸಂಕಟ ಬಿಟ್ಟು ಅವಳ ಚೆಲುವಿನ ಕಡೆ ತಿರುಗುತ್ತಾನೆ. ಆ ಚೆಲುವು ಬರೀ ನನ್ನದಲ್ಲ, ಅದೂ ಒಂಟಿಯಾಗೇ ಹಾದು ಹೋಗುತ್ತಿದೆ ಅನ್ನುತ್ತಾನೆ.

‘ಅದೂ’ ಅನ್ನುವುದನ್ನು ಗಮನಿಸಿ.

ಪೋರ್ಚುಗೀಸಿನಲ್ಲಿ ಒಂಟಿ ಅನ್ನಲು ‘ಸೊಜಿನ್ಯು’ ಅನ್ನುವ ಪದ ಇದೆ. ‘ಸೊ’ ಅಂದರೇನೇ ಒಂಟಿ, ಅದಕ್ಕೆ ‘ಜಿನ್ಯು’ ಅಂತ ಒಂದು ಬಾಲ ಸೇರುತ್ತದೆ. ಯಾವುದನ್ನಾದರೂ ಪುಟ್ಟದು, ಮುದ್ದು, ಪಾಪ ಅಂತ ಹೇಳಬೇಕಾದರೆ ಅವರು ಈ ಥರದ ಬಾಲ ಹಚ್ಚುತ್ತಾರೆ. ಬ್ರೆಜಿಲಿನವರು ಕಾಫಿಗೂ ಹಚ್ಚುತ್ತಾರೆ, ಊರಿನ ಹೆಸರಿಗೂ ಹಚ್ಚುತ್ತಾರೆ. ನಾವು ‘ಪಾಪು’, ‘ಪುಟ್ಟಿ’ ಅಂತ ಮಾಡುವ ಕೆಲಸವನ್ನು ಆ ಒಂದು ಬಾಲ ಮಾಡುತ್ತದೆ. ಮೊದಲ ‘ಆಹ್’ನಲ್ಲಿ ಅವನು ತನ್ನನ್ನು ಸೊಜಿನ್ಯು ಅಂದುಕೊಳ್ಳುತ್ತಾನೆ. ನಾಲ್ಕು ಸಾಲು ಆದ ಮೇಲೆ ಅದೇ ಪದ ಮತ್ತೆ ಬರುತ್ತದೆ, ಕೊನೆಯ ಸ್ವರ ಮಾತ್ರ ಬೇರೆ: ಸೊಜಿನ್ಯಾ. ಸ್ತ್ರೀಲಿಂಗ. ಅಂದರೆ ಆ ಚೆಲುವು, ಅಂದರೆ ಅವಳು. ಒಂದು ಸ್ವರ ಬದಲಾಯಿಸಿ ತನ್ನ ಒಂಟಿತನವನ್ನು ಅವಳಿಗೂ ಕೊಟ್ಟ, ಅಥವಾ ಅವಳಲ್ಲೂ ಕಂಡ. ‘ನನ್ನದು’ ಅನ್ನುವುದಕ್ಕೆ ಅಲ್ಲಿ ಬರುವ ಪದ ‘ಮಿನ್ಯಾ’, ಅದು ‘ಸೊಜಿನ್ಯಾ’ ಜೊತೆ ಪ್ರಾಸ ಆಗುತ್ತದೆ. ನನ್ನದು ಮತ್ತು ಒಂಟಿ, ಎರಡೂ ಒಂದೇ ಸದ್ದಿನಲ್ಲಿ ಮುಗಿಯುತ್ತವೆ. ಇದನ್ನು ಯಾವ ಅನುವಾದಕ ಉಳಿಸಿಕೊಳ್ಳಬೇಕು ಹೇಳಿ? ಗಿಂಬಲ್ ಅವರನ್ನು ಬೈಯುವುದೂ ಕಷ್ಟ.

ನನಗೆ ಈ ಜಾಗ ಅರ್ಥವಾದ ದಿನ ಹಾಡನ್ನು ನಿಲ್ಲಿಸಿ ಸುಮ್ನೆ ಕೂತಿದ್ದೆ. ಅಲ್ಲಿಯವರೆಗೆ ಒಬ್ಬ ಪಾಪದ ಗಂಡಸು, ಒಬ್ಬಳು ಜಂಬದ ಹುಡುಗಿ ಅಂದುಕೊಂಡಿದ್ದೆ. ಹಾಡಿನಲ್ಲಿರುವುದು ಒಂದೇ ರಸ್ತೆಯಲ್ಲಿ ಇಬ್ಬರು ಒಂಟಿ ಜನ. ಒಬ್ಬ ಕೂತಿದ್ದಾನೆ, ಒಬ್ಬಳು ನಡೆಯುತ್ತಿದ್ದಾಳೆ.

ಇದು ನನ್ನ ತಲೆಯಿಂದ ತೆಗೆದ ವ್ಯಾಖ್ಯಾನ ಅಲ್ಲ. 1965ರಲ್ಲಿ ವಿನೀಸಿಯಸ್ ‘ಮಂಶೆಟಿ’ ಪತ್ರಿಕೆಯಲ್ಲಿ ಆ ಹುಡುಗಿಯ ಬಗ್ಗೆ ಬರೆದಾಗ, ಅವಳನ್ನು ನೋಡುವುದೇ ಬೇಸರದ ಸಂಗತಿ ಕೂಡ, ಯಾಕೆಂದರೆ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಅವಳು ಕಳೆದು ಹೋಗುವುದರ ಭಾವನೆಯನ್ನೂ ಹೊತ್ತುಕೊಂಡು ಹೋಗುತ್ತಾಳೆ ಅನ್ನುವ ಅರ್ಥದಲ್ಲಿ ಹೇಳಿದ್ದರು. ಹಾಡಿನಲ್ಲಿ ‘ಪಸ್ಸಾ’, ಹಾದು ಹೋಗುತ್ತಾಳೆ, ಅನ್ನುವ ಕ್ರಿಯಾಪದ ಬೇರೆ ಬೇರೆ ರೂಪದಲ್ಲಿ ನಾಲ್ಕು ಸಲ ಬರುತ್ತದೆ. ಪೋರ್ಚುಗೀಸಿನಲ್ಲಿ ಮನುಷ್ಯರು ರಸ್ತೆಯಲ್ಲಿ ಹಾದು ಹೋಗುವುದಕ್ಕೂ, ಹೊತ್ತು ಕಳೆಯುವುದಕ್ಕೂ, ನೋವು ಮಾಯವಾಗುವುದಕ್ಕೂ ಅದೇ ಕ್ರಿಯಾಪದ.

‘ಸೌದಾಜಿ’ ಅನ್ನುವ ಪದಕ್ಕೆ ಬೇರೆ ಭಾಷೆಯಲ್ಲಿ ಅರ್ಥವೇ ಇಲ್ವಂತೆ, ಈ ಹಾಡು ಅದರ ಬಗ್ಗೇನೇ ಅಂತೆ?

ಮೊದಲನೆಯದಾಗಿ ಆ ಪದ ಈ ಹಾಡಿನಲ್ಲಿ ಇಲ್ಲವೇ ಇಲ್ಲ. ಇದೇ ಜೋಡಿಯ ಇನ್ನೊಂದು ಹಾಡಿನ ಹೆಸರಿನಲ್ಲಿದೆ, ‘ಶೇಗಾ ಜಿ ಸೌದಾಜಿ’, 1958ರದ್ದು. ಸಾಕಪ್ಪಾ ಈ ಹಂಬಲ ಅಂತ ಅರ್ಥ. ಬೋಸಾ ನೋವಾ ಅನ್ನುವ ಸಂಗೀತವೇ ಅಲ್ಲಿಂದ ಶುರು ಅನ್ನುತ್ತಾರೆ.

ಅರ್ಥವೇ ಇಲ್ಲ ಅನ್ನುವುದೆಲ್ಲ ಜಾಸ್ತಿ ಆಯಿತು. ಬ್ರೆಜಿಲ್ಲಿನ ಅಮ್ಮಂದಿರು ಮಗನಿಗೆ ಫೋನಿನಲ್ಲಿ ದಿನಾ ಹೇಳುವ ಮಾತು ಅದು. ನಿನ್ನ ನೆನಪಾಗ್ತಿದೆ ಕಣೋ ಅಂದ ಹಾಗೆ. ನಮ್ಮಲ್ಲಿ ಹಂಬಲ, ಕೊರಗು, ಹಳಹಳಿ, ವಿರಹ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ, ಅವರು ಒಂದೇ ಡಬ್ಬಿಯಲ್ಲಿ ಹಾಕಿದ್ದಾರೆ. ಪಂಡಿತರು ಹೇಳುವ ಒಂದು ಸಂಗತಿ ಮಾತ್ರ ನನಗೆ ತುಂಬಾ ಇಷ್ಟ. ಸೌದಾಜಿ ಬಂದಿರುವುದು ಏಕಾಂತ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಮೇಲೆ ಹೇಳಿದ ಸೊಜಿನ್ಯು ಇದೆಯಲ್ಲ, ಅದರ ಬೇರೂ ಅದೇ. ಆ ಪದ ಹಾಡಿನಲ್ಲಿಲ್ಲ, ಆದರೆ ಅದರ ತಂಗಿ ಎರಡು ಸಲ ಬಂದು ಹೋಗುತ್ತಾಳೆ.

ಬಾರಿನಲ್ಲಿ ಕೂತು, ಹುಡುಗಿಯನ್ನು ನೋಡಿ, ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದರು ಅನ್ನುವ ಕಥೆ ನಿಜವಾ?

ಅರ್ಧ. ಬಾರ್ ನಿಜ. ಹೆಸರು ವೆಲೋಸೊ, ಇಪನೇಮಾದ ಮೊಂಚಿನೇಗ್ರು ರಸ್ತೆಯ ಮೂಲೆಯಲ್ಲಿತ್ತು. ಜೋಬಿಂ ಮತ್ತು ವಿನೀಸಿಯಸ್ ಅಲ್ಲಿ ಕೂರುತ್ತಿದ್ದುದೂ ನಿಜ, ಹುಡುಗಿ ಆ ದಾರಿಯಲ್ಲಿ ಓಡಾಡುತ್ತಿದ್ದುದೂ ನಿಜ. ಆದರೆ ಹಾಡು ಅಲ್ಲಿ ಹುಟ್ಟಲಿಲ್ಲ. ಜೋಬಿಂ ಅದೇ ಬಡಾವಣೆಯ ತಮ್ಮ ಮನೆಯಲ್ಲಿ ಪಿಯಾನೊ ಮುಂದೆ ಕೂತು ರಾಗ ಮಾಡಿದರು. ವಿನೀಸಿಯಸ್ ಸಾಹಿತ್ಯ ಬರೆದದ್ದು ಬೆಟ್ಟದ ಮೇಲಿನ ಪೆಟ್ರೋಪೊಲಿಸ್ ಊರಿನಲ್ಲಿ. ಅಂದರೆ ಸಮುದ್ರವೇ ಕಾಣದ ಜಾಗದಲ್ಲಿ.

ಮೊದಲು ಇದು ಒಂದು ಸಂಗೀತ ನಾಟಕಕ್ಕೆ ಅಂತ ಶುರುವಾದದ್ದು. ಆಗ ಹಾಡಿನ ಹೆಸರು ‘ಮೆನೀನಾ ಕಿ ಪಸ್ಸಾ’, ಹಾದು ಹೋಗುವ ಹುಡುಗಿ. ಆ ಮೊದಲ ಕರಡು ಈಗಲೂ ಓದಲು ಸಿಗುತ್ತದೆ. ಅದರಲ್ಲಿ ಹುಡುಗಿ ಬರುವ ಮೊದಲೇ ಇವನ ಗೋಳು ಶುರು. ಎಲ್ಲದರಿಂದ ದಣಿದು ಬಂದೆ, ಕವಿತೆ ಇಲ್ಲದ ಹಕ್ಕಿಗಳಿಲ್ಲದ ದಾರಿಗಳಲ್ಲಿ ನಡೆದು ಬಂದೆ, ಬದುಕಲು ಭಯ, ಪ್ರೀತಿಸಲು ಭಯ ಅಂತೆಲ್ಲ. ಇಬ್ಬರಿಗೂ ಹಿಡಿಸಲಿಲ್ಲ, ತೆಗೆದು ಹಾಕಿದರು. ಹಾಡು ಉಳಿದದ್ದೇ ಆ ಕತ್ತರಿಯಿಂದ ಅಂತ ನನಗೆ ಅನಿಸುತ್ತದೆ. ಅವನ ಪುರಾಣ ಹೋಯಿತು. ‘ನೋಡು’ ಅನ್ನುವ ಒಂದು ಮಾತಿನಿಂದ ಹಾಡು ಶುರುವಾಯಿತು. ಪಕ್ಕದಲ್ಲಿ ಕೂತವನ ಮೊಣಕೈ ತಿವಿದ ಹಾಗೆ.

ಆ ರಸ್ತೆಗೆ ಈಗ ವಿನೀಸಿಯಸ್ ಅವರ ಹೆಸರೇ ಇಟ್ಟಿದ್ದಾರೆ, ಬಾರಿಗೆ ಹಾಡಿನ ಹೆಸರು. ಜನರ ಮುಂದೆ ಮೊದಲು ಹಾಡಿದ್ದು 1962ರ ಆಗಸ್ಟಿನಲ್ಲಿ, ಕೋಪಕಬಾನಾದ ‘ಓ ಬೊಂ ಗುರ್ಮೆ’ ಅನ್ನುವ ನೈಟ್‌ಕ್ಲಬ್ಬಿನಲ್ಲಿ.

ಹುಡುಗಿ ಯಾರು?

ಎಲೊಯೀಸಾ, ಎಲ್ಲರಿಗೂ ಗೊತ್ತಿರುವ ಹೆಸರು ಎಲೋ ಪಿನ್ಯೇರು. ಆಗ ಹದಿಹರೆಯದವಳು, ಶಾಲೆಗೆ, ಸಮುದ್ರಕ್ಕೆ ಹೋಗುವಾಗ ಆ ಬಾರಿನ ಮುಂದೆ ದಾಟಬೇಕಿತ್ತು. ಒಮ್ಮೊಮ್ಮೆ ಒಳಗೂ ಬರುತ್ತಿದ್ದಳು, ಅಮ್ಮನಿಗೆ ಸಿಗರೇಟು ಕೊಳ್ಳಲು! ಹಾಡು ತನ್ನ ಬಗ್ಗೆ ಅಂತ ಅವಳಿಗೆ ಖಾತ್ರಿಯಾದದ್ದು 1965ರಲ್ಲಿ, ವಿನೀಸಿಯಸ್ ಅದನ್ನು ಬಹಿರಂಗವಾಗಿ ಹೇಳಿದ ಮೇಲೆ. ಅಷ್ಟರಲ್ಲಿ ಅದನ್ನು ಅರ್ಧ ಪ್ರಪಂಚ ಗುನುಗುತ್ತಿತ್ತು.

ಜೋಬಿಂ ಮುಂದೆ ತನ್ನ ಹತ್ತಿರ ಪ್ರೀತಿ ಹೇಳಿಕೊಂಡಿದ್ದರು, ತಾನು ಒಪ್ಪಲಿಲ್ಲ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಾಡಿನಲ್ಲಿ ಇಲ್ಲದ ಪ್ರೇಮನಿವೇದನೆ ಹೊರಗೆ ನಡೆಯಿತು ಅನ್ನಿ. 2001ರಲ್ಲಿ ಅವರು ‘ಗರೋತಾ ಜಿ ಇಪನೇಮಾ’ ಅಂತ ಬಟ್ಟೆ ಅಂಗಡಿಗೆ ಹೆಸರಿಟ್ಟಿದ್ದಕ್ಕೆ ಇಬ್ಬರೂ ಕರ್ತೃಗಳ ವಾರಸುದಾರರು ಕೋರ್ಟಿಗೆ ಹೋದರು. ತೀರ್ಪು ಎಲೋ ಪರವಾಗಿ ಬಂತು. ಬರಲೇಬೇಕಿತ್ತು, ಅಲ್ವಾ?

ದೊಡ್ಡ ಗಂಡಸರಿಬ್ಬರು ಬಾರಿನಲ್ಲಿ ಕೂತು ಹುಡುಗಿಯನ್ನು ದಿಟ್ಟಿಸುವುದು. ಇದರಲ್ಲಿ ಪ್ರೀತಿ ಏನು ಬಂತು?

ಈ ಪ್ರಶ್ನೆ ಕೇಳಿದ್ದು ನನ್ನ ಅಕ್ಕನ ಮಗಳು. ಪಿಯುಸಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. “ನೋಡೋರಿಗೆ ಅದು ಕವಿತೆ ಮಾಮಾ, ನಡೆಯೋರಿಗೆ ಅಲ್ಲ” ಅಂದಳು. ತಡವರಿಸಿದೆ.

1962ರಲ್ಲಿ ಜೋಬಿಂಗೆ 35, ವಿನೀಸಿಯಸ್‌ಗೆ 48. ಕಿರಿಕಿರಿ ಆಗುವುದು ಸಹಜ, ಆಗಬೇಕು ಕೂಡ. ಹಾಡಿನ ಮನುಷ್ಯ ಹಿಂದೆ ಹೋಗುವುದಿಲ್ಲ, ಕೂಗುವುದಿಲ್ಲ, ಶಿಳ್ಳೆ ಹೊಡೆಯುವುದಿಲ್ಲ, ಅವಳು ನನ್ನವಳಾಗಲಿ ಅಂತಲೂ ಕೇಳುವುದಿಲ್ಲ, ಅದು ಅವನ ಪರವಾಗಿ ಹೇಳಬಹುದಾದ ಮಾತು. ಅವಳನ್ನು ಹೊಗಳುವಾಗ ‘ಶೇಯಾ ಜಿ ಗ್ರಾಸಾ’ ಅನ್ನುತ್ತಾನೆ, ಕೃಪೆ ತುಂಬಿದವಳು ಅಂತ. ಪೋರ್ಚುಗೀಸ್ ಕ್ರೈಸ್ತರು ಮರಿಯಮ್ಮನಿಗೆ ದಿನಾ ಹೇಳುವ ಪ್ರಾರ್ಥನೆಯ ಮೊದಲ ಸಾಲಿನಲ್ಲಿರುವ ಮಾತು ಅದೇ. ಈಜುಡುಗೆಯ ಹುಡುಗಿಗೆ ದೇವಮಾತೆಯ ವಿಶೇಷಣ. ಬ್ರೆಜಿಲ್ಲಿನ ಕಿವಿಗೆ ಇದು ಕೇಳಿಸದೇ ಇರುವುದಿಲ್ಲ.

ಆದರೂ ಅಕ್ಕನ ಮಗಳ ಮಾತು ಮಾತೇ. ನಡೆದು ಹೋಗುವವಳಿಗೆ ಮಾತಾಡಲು ಹಾಡಿನಲ್ಲಿ ಜಾಗ ಇಲ್ಲ. ಅವಳೂ ಒಂಟಿ ಅಂತ ಇವನು ಹೇಳುತ್ತಾನೆ. ಅವಳನ್ನು ಕೇಳಿದ್ದರೆ ಏನು ಹೇಳುತ್ತಿದ್ದಳೋ. ಸಿಗರೇಟು ತರಲು ಹೊರಟಿದ್ದೆ ಅನ್ನುತ್ತಿದ್ದಳೇನೋ.

ಇಷ್ಟೊಂದು ದುಃಖ ಇದೆ ಅಂತೀರಿ, ಕೇಳಲು ಮಾತ್ರ ಪಿಕ್‌ನಿಕ್ ಥರ ಇದೆಯಲ್ಲ?

ಮೊದಲ ಭಾಗ ಪಿಕ್‌ನಿಕ್ಕೇ. ಸ್ವಲ್ಪ ಸರಿಗಮದ ಲೆಕ್ಕದಲ್ಲಿ ಹೇಳುತ್ತೇನೆ, ಸಂಗೀತ ಕಲಿತವರು ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ನುಡಿಸಿ ನೋಡಿ.

ಹಾಡು ಷಡ್ಜದಲ್ಲಿ ಶುರುವಾಗುವುದಿಲ್ಲ. ಚತುಶ್ರುತಿ ರಿಷಭದ ಮೇಲೆ ಶುರುವಾಗಿ, ಕೆಳಗಿನ ಕಾಕಲಿ ನಿಷಾದಕ್ಕೆ ಇಳಿದು, ದೈವತಕ್ಕೆ ಹೋಗಿ, ಮತ್ತೆ ರಿಷಭಕ್ಕೆ ಬರುತ್ತದೆ. ರಿ ನಿ ನಿ ದ, ರಿ ನಿ ನಿ ದ. ನಡುವೆ ಇರುವ ಸ ಅನ್ನು ಮುಟ್ಟದೆ ಅದರ ಸುತ್ತ ತಿರುಗುತ್ತದೆ, ಮನೆಯ ಮುಂದೆ ಓಡಾಡಿ ಒಳಗೆ ಹೋಗದವರ ಹಾಗೆ. ನಡಿಗೆಯ ಓಲಾಟ ಅದು. ಈ ಭಾಗ ಎಂಟು ಅಳತೆಯದ್ದು (ಅಳತೆ ಅಂದರೆ ತಾಳದ ಒಂದು ಸುತ್ತು), ಎರಡು ಸಲ ಬರುತ್ತದೆ.

ಆಮೇಲೆ ಮೊದಲ ‘ಆಹ್’. ಈಗ ಅವನು ಸ ಮೇಲೆ ಬಂದು ನಿಲ್ಲುತ್ತಾನೆ, ಉದ್ದಕ್ಕೆ ಹಿಡಿಯುತ್ತಾನೆ. ಕೊನೆಗೂ ಮನೆ ಸೇರಿದ ಅನ್ನಬೇಕು. ಆದರೆ ಅದೇ ಕ್ಷಣದಲ್ಲಿ ಜೋಬಿಂ ಕೆಳಗಿನ ಆಧಾರವನ್ನು ಅರ್ಧ ಸ್ವರ ಮೇಲಕ್ಕೆ ಸರಿಸಿಬಿಟ್ಟಿದ್ದಾರೆ. ನೀವು ಷಡ್ಜ ಹಿಡಿದು ನಿಂತಿದ್ದೀರಿ, ತಂಬೂರಿಯವರು ಹೇಳದೆ ಕೇಳದೆ ಶ್ರುತಿ ಏರಿಸಿದರು ಅಂದುಕೊಳ್ಳಿ. ನಿಮ್ಮ ಸ್ವರ ಒಂದಿಷ್ಟೂ ಅಲುಗಿಲ್ಲ, ಆದರೆ ಅದು ಈಗ ಸ ಅಲ್ಲ, ನಿಷಾದ ಆಗಿದೆ. ಸ ಗೆ ಒಂದು ಹೆಜ್ಜೆ ಕಮ್ಮಿ. ನಾನು ಯಾಕೆ ಒಂಟಿ ಅನ್ನುವ ಸಾಲು ಬರುವುದು ಅಲ್ಲಿ. ಎರಡನೆಯ ‘ಆಹ್’ ಅದಕ್ಕಿಂತ ಮೇಲೆ, ಮೂರನೆಯದು ಇನ್ನೂ ಮೇಲೆ, ಪ್ರತಿ ಸಲವೂ ಕಾಲ ಕೆಳಗಿನ ನೆಲ ಬೇರೆ. ಮೊದಲ ಭಾಗದ ಎರಡರಷ್ಟು ಉದ್ದ, 16 ಅಳತೆ ಹೀಗೆ ಅಲೆದು, ನಂತರ ಮತ್ತೆ ರಿ ನಿ ನಿ ದ. ಏನೂ ಆಗಿಲ್ಲ ಅನ್ನುವ ಹಾಗೆ ಅವಳು ನಡೆಯುತ್ತಿದ್ದಾಳೆ.

ಲಿಫ್ಟಿನಲ್ಲಿ ಹಾಕುವ ಆವೃತ್ತಿಗಳಲ್ಲಿ ಈ ಜಾಗವನ್ನೂ ಸೋಪು ಹಾಕಿ ನುಣ್ಣಗೆ ಮಾಡಿರುತ್ತಾರೆ. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಹಾಡಿದ ಹೆಣ್ಣು ಗಾಯಕಿಯೇ ಅಲ್ವಂತೆ?

ಆಸ್ಟ್ರುಡ್ ಜಿಲ್ಬೆರ್ತೊ. 1940ರಲ್ಲಿ ಬಹಿಯಾ ರಾಜ್ಯದಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. 1963ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡಿಂಗ್ ಇತ್ತು. ಸ್ಯಾಕ್ಸೋಫೋನ್ ಸ್ಟ್ಯಾನ್ ಗೆಟ್ಜ್, ಪಿಯಾನೊ ಜೋಬಿಂ, ಗಿಟಾರು ಮತ್ತು ಹಾಡು ಜುವಾಂವ್ ಜಿಲ್ಬೆರ್ತೊ. ಆಸ್ಟ್ರುಡ್ ಈ ಜುವಾಂವ್ ಅವರ ಹೆಂಡತಿ. ಆ ಗುಂಪಿನ ಬ್ರೆಜಿಲಿಯನ್ನರಲ್ಲಿ ಇಂಗ್ಲಿಷಿನಲ್ಲಿ ಚೆನ್ನಾಗಿ ಹಾಡಬಲ್ಲವರು ಅವರೇ. ಅದಕ್ಕೂ ಮುಂಚೆ ಅವರು ವೃತ್ತಿಯಾಗಿ ರೆಕಾರ್ಡ್ ಮಾಡಿದವರಲ್ಲ. ಹಾಡಿದರು, ಜಗತ್ತು ಬಿದ್ದುಹೋಯಿತು. ಆಲ್ಬಂ 1964ರ ಮಾರ್ಚಿನಲ್ಲಿ ಬಂತು, ಹಾಡಿನ ಸಿಂಗಲ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಹೋಯಿತು, 1965ರಲ್ಲಿ ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿಯೂ ಸಿಕ್ಕಿತು. (ಆಲ್ಬಂ ಬಂದ ಅದೇ ಮಾರ್ಚ್ ಕೊನೆಗೆ ಬ್ರೆಜಿಲ್ಲಿನಲ್ಲಿ ಸೇನೆ ಅಧಿಕಾರ ಹಿಡಿಯಿತು, 21 ವರ್ಷ ಬಿಡಲಿಲ್ಲ. ಪ್ರಪಂಚ ಈ ಹಾಡಿನಲ್ಲಿ ನೋಡುತ್ತಿದ್ದ ಬಿಸಿಲಿನ ಬ್ರೆಜಿಲ್ ಆಗಲೇ ಹಳೆಯ ಫೋಟೊ.)

ಇಲ್ಲೊಂದು ತಮಾಷೆ ಇದೆ. ಗಿಂಬಲ್ ಸಾಹಿತ್ಯದಲ್ಲಿ ಅವಳು ಸಮುದ್ರಕ್ಕೆ ಹೋಗುತ್ತಾಳೆ, ‘ಸೀ’, ನನ್ನನ್ನು ನೋಡುವುದಿಲ್ಲ, ‘ಮೀ’. ಪ್ರಾಸ ಸರಿ. ಹಾಡುವವರು ಹೆಣ್ಣಾದ್ದರಿಂದ ‘ನಾನು’ ಹೋಗಿ ‘ಅವನು’ ಆಗಬೇಕಾಯಿತು. ವ್ಯಾಕರಣದ ಪ್ರಕಾರ ‘ಹಿಮ್’ ಬರಬೇಕು. ಪ್ರಾಸ ಕೆಡುತ್ತದಲ್ಲ, ಅದಕ್ಕೆ ‘ಹೀ’ ಅಂತ ಹಾಡಿಬಿಟ್ಟರು. 60 ವರ್ಷದಿಂದ ಇಂಗ್ಲಿಷ್ ಮೇಷ್ಟ್ರುಗಳು ಇದಕ್ಕೆ ಹುಬ್ಬು ಗಂಟಿಕ್ಕುತ್ತಿದ್ದಾರೆ. ನನಗೆ ಮಾತ್ರ ಆ ತಪ್ಪು ಬಹಳ ಇಷ್ಟ, ಯಾಕೆಂದರೆ ಅಲ್ಲಿ ನಡೆದು ಹೋಗುವವಳೇ ಹಾಡುತ್ತಿರುವ ಹಾಗೆ ಕೇಳಿಸುತ್ತದೆ. ಅವನು ನೋಡ್ತಾ ಇದ್ದಾನೆ, ನನಗೆ ಗೊತ್ತು, ನಾನು ನೋಡಲ್ಲ ಅಂದ ಹಾಗೆ. ಭಾವ ತುಂಬಿ ಹಾಡದ, ಸ್ವಲ್ಪ ನಿದ್ದೆಗಣ್ಣಿನಂಥ ದನಿ. ಅಕ್ಕನ ಮಗಳಿಗೆ ಈ ಆವೃತ್ತಿ ಹಿಡಿಸಿತು.

ಇದು ಫಾದೊನಾ?

ಅಲ್ಲ. ಫಾದೊ ಪೋರ್ಚುಗಲ್ಲಿನದು, ಲಿಸ್ಬನ್ ಗಲ್ಲಿಗಳದು, ಎದೆ ಬಿರಿಯುವಂತೆ ಹಾಡುತ್ತಾರೆ. ಇದು ರಿಯೊದ ಬೋಸಾ ನೋವಾ. ಪಕ್ಕದ ಫ್ಲ್ಯಾಟಿನವರಿಗೆ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ ಹಾಡುತ್ತಾರೆ.

ಪೋರ್ಚುಗೀಸ್ ಒಂದು ಅಕ್ಷರ ಬರಲ್ಲ. ಹೇಗೆ ಕೇಳಲಿ?

ಒಂದು ಅಕ್ಷರವೂ ಬರಲ್ಲ ಅನ್ನಬೇಡಿ. ಚಾವಿ, ಬಟಾಟೆ, ಇಸ್ತ್ರಿ, ಪಾದ್ರಿ, ಎಲ್ಲ ಅವರ ಕಡೆಯಿಂದ ಕರಾವಳಿಗೆ ಹಡಗು ಹತ್ತಿ ಬಂದವು. ಮಂಗಳೂರು, ಕಾರವಾರದ ಕಡೆಯ ಕೊಂಕಣಿ ಮನೆಗಳಲ್ಲಿ ಕಿಟಕಿಗೆ ‘ಜನೆಲ್’ ಅನ್ನುವುದನ್ನು ಕೇಳಿಲ್ಲವೇ, ಅದೂ ಅದೇ. ಹಾಡಿಗೆ ಐದು ಪದ ಸಾಕು. ‘ಓಲ್ಯಾ’ ಅಂದರೆ ನೋಡು. ‘ಲಿಂಡಾ’ ಅಂದರೆ ಚೆಂದ. ‘ಮಾರ್’ ಸಮುದ್ರ. ‘ಪಸ್ಸಾ’ ಹಾದು ಹೋಗುತ್ತಾಳೆ. ಐದನೆಯದು ಸೊಜಿನ್ಯು, ಅದನ್ನು ಆಗಲೇ ಹೇಳಿದೆ. ಬ್ರೆಜಿಲಿನವರು ‘ದೆ’ ಅಂತ ಬರೆದು ‘ಜಿ’ ಅನ್ನುತ್ತಾರೆ, ಅದೊಂದು ಗೊತ್ತಿದ್ದರೆ ಹೆಸರನ್ನು ಸರಿಯಾಗಿ ಹೇಳಬಹುದು.

ಕನ್ನಡಕ್ಕೆ ತರಬಹುದಾ?

ಪ್ರಯತ್ನ ಪಟ್ಟೆ. ಆರು ತಿಂಗಳು. ಮೊದಲ ಸಾಲಿನಲ್ಲೇ ಕುಸಿದೆ. ‘ನೋಡು, ಎಂಥ ಚೆಲುವು’ ಅಂದ ಕೂಡಲೇ ಆರ್ಕೆಸ್ಟ್ರಾದ ಹಾಡಾಯಿತು. ‘ನೋಡಲ್ಲಿ’ ಅಂದರೆ ಭಾವಗೀತೆ ಆಯಿತು. ಬೆಂಗಳೂರಿನ ಹುಡುಗ ಪಕ್ಕದವನಿಗೆ ‘ಲೋ, ನೋಡೋ’ ಅನ್ನುವ ದನಿಯೂ ಇರಬೇಕು, ಪ್ರಾರ್ಥನೆಯ ಪದವೂ ಬರಬೇಕು, ಎರಡನ್ನೂ ಒಂದೇ ಉಸಿರಿನಲ್ಲಿ ಕೂರಿಸಲು ನನ್ನಿಂದ ಆಗಲಿಲ್ಲ.

ಆದರೆ ಒಂದೇ ಒಂದು ಜಾಗದಲ್ಲಿ ಕನ್ನಡ ಗೆದ್ದಿತು. ‘ಅದೂ ಒಂಟಿಯಾಗಿ’ ಅನ್ನುವ ಸಾಲಿಗೆ ಪೋರ್ಚುಗೀಸಿನಲ್ಲಿ ‘ಸಹ’ ಅನ್ನುವ ಅರ್ಥಕ್ಕೆ ‘ತಂಬೆಂ’ ಅಂತ ಬೇರೆ ಪದವೇ ಬೇಕು. ನಮಗೆ ಒಂದು ದೀರ್ಘ ಸಾಕು. ನಾನು ಒಂಟಿ, ಅವಳೂ ಒಂಟಿ. ಅವರು ‘ಒಂಟಿ’ಯ ಬಾಲ ಬದಲಾಯಿಸಿದರು, ನಾವು ‘ಅವಳು’ ಅನ್ನುವುದರ ಬಾಲ ಎಳೆದೆವು. ಆ ಒಂದು ಸಾಲು ನನ್ನ ನೋಟ್‌ಬುಕ್ಕಿನಲ್ಲಿದೆ, ಮುಂದಿನ ಪುಟಗಳು ಖಾಲಿ.

ನನಗೂ ಒಬ್ಬರ ಮೇಲೆ ಹೀಗೇ ಆಗಿದೆ. ಈ ಹಾಡನ್ನು ಅವರಿಗೆ ಕಳಿಸಲಾ?

ಬೇಡ. ಕಳಿಸಿದರೆ ಇಂಗ್ಲಿಷ್ ಆವೃತ್ತಿಯ ಕಥೆ ಆಗುತ್ತದೆ. ಏನಾದರೂ ಹೇಳಬೇಕಿದ್ದರೆ ನೇರವಾಗಿ, ಮರ್ಯಾದೆಯಿಂದ, ಒಂದೇ ಸಲ ಹೇಳಿ, ಬೇಡ ಅಂದರೆ ಸುಮ್ಮನಾಗಿ. ಹಾಡು ಕಳಿಸಿ ನೀಲಿ ಟಿಕ್ ಬರುತ್ತಾ ಅಂತ ಕಾಯುವುದು ಬಾರಿನಲ್ಲಿ ಕೂರುವುದಕ್ಕಿಂತ ಕಷ್ಟ, ಅನುಭವದಿಂದ ಹೇಳುತ್ತಿದ್ದೇನೆ.

ಯಾವ ಆವೃತ್ತಿ ಮೊದಲು ಕೇಳಬೇಕು?

1964ರ ‘ಗೆಟ್ಜ್/ಜಿಲ್ಬೆರ್ತೊ’ ಆಲ್ಬಮ್ಮಿನದು. ಐದು ನಿಮಿಷಕ್ಕಿಂತ ಜಾಸ್ತಿ ಇರಬೇಕು, ಅದನ್ನು ನೋಡಿಕೊಳ್ಳಿ. ಸಿಂಗಲ್ ಮಾಡುವಾಗ ರೇಡಿಯೊಗೆ ಉದ್ದವಾಯಿತು ಅಂತ ಜುವಾಂವ್ ಪೋರ್ಚುಗೀಸಿನಲ್ಲಿ ಹಾಡಿದ ಇಡೀ ಭಾಗವನ್ನೇ ಕತ್ತರಿಸಿದರು, ಆ ಆವೃತ್ತಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಅಂದರೆ ಪ್ರಪಂಚದ ಹೆಚ್ಚಿನ ಜನ ಕೇಳಿದ್ದು ಒಂಟಿ ಅನ್ನುವ ಆ ಎರಡು ಪದಗಳೇ ಇಲ್ಲದ ಹಾಡನ್ನು. ಉದ್ದದ್ದನ್ನೇ ಹಾಕಿ. ಮೊದಲು ಜುವಾಂವ್ ಗಿಟಾರ್ ಜೊತೆ ಸುಮ್ನೆ ಗುನುಗುತ್ತಾರೆ, ಆಮೇಲೆ ‘ಓಲ್ಯಾ’. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಹಾಡುವ ಮುಂಚೆ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.